ಮಸ್ಕತ್ತಿನ ಅನ್ನ, ಸಯಾಮಿನ ಸಾರು

ಮಸ್ಕತ್ ವಿಮಾನ ನಿಲ್ದಾಣದಿಂದ ಸೀಬ್ ಪೇಟೆಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಗುವ ಊರು ಅಲ್ ಹೈಲ್. ಸುಲ್ತಾನ್ ಖಾಬೂಸ್ ಹೆದ್ದಾರಿ ಅದನ್ನು ಎರಡು ಪಾಲು ಮಾಡಿದೆ. ಸಮುದ್ರದ ಬದಿಯದು ಅಲ್ ಹೈಲ್ ಉತ್ತರ, ಬೆಟ್ಟದ ಬದಿಯದು ಅಲ್ ಹೈಲ್ ದಕ್ಷಿಣ. ಬಿಳಿ ಸುಣ್ಣದ ಎತ್ತರದ ಕಾಂಪೌಂಡು, ಒಳಗೆ ಎರಡಂತಸ್ತಿನ ಮನೆ, ಗೇಟಿನ ಪಕ್ಕ ಒಂದೆರಡು ಖರ್ಜೂರದ ಮರ. ಬೀದಿಯ ಕೊನೆಯಲ್ಲಿ ಮಸೀದಿ, ಲಾಂಡ್ರಿ, ಔಷಧಿ ಅಂಗಡಿ, ಮಲಯಾಳಿಗಳು ನಡೆಸುವ ಚಹಾದಂಗಡಿ. ಇವುಗಳ ಸಾಲಿನಲ್ಲೇ ಈಗ ಚೀನಾದ್ದೋ ಟರ್ಕಿಯದ್ದೋ ಥಾಯ್ಲೆಂಡಿನದ್ದೋ ಊಟ ಬಡಿಸುವ ಚಿಕ್ಕ ಹೋಟೆಲುಗಳಿಗೂ ಜಾಗವಾಗಿದೆ. ಓಮನ್ ಸರ್ಕಾರ 2013ರ ಮೇ ತಿಂಗಳಲ್ಲಿ ವಾರದ ರಜೆಯನ್ನು ಶುಕ್ರವಾರ-ಶನಿವಾರಕ್ಕೆ ಬದಲಿಸಿದ ಮೇಲೆ ಗುರುವಾರದ ರಾತ್ರಿ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೊರಡುವ ರಾತ್ರಿಯಾಗಿದೆ. ಮಂಗಳೂರು, ಉಡುಪಿ, ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಆ ಗುಂಪಿನಲ್ಲಿವೆ.

ಬಡಾವಣೆಯ ಥಾಯ್ ಹೋಟೆಲಿನಲ್ಲಿ ಕೇಳದೆಯೇ ಮೇಜಿಗೆ ಬರುವವು ಬಹುಮಟ್ಟಿಗೆ ನಾಲ್ಕೈದೇ ತಿನಿಸು. ಮಜ್ಜಿಗೆ ಹುಲ್ಲು ಮತ್ತು ನಿಂಬೆಯ ಘಮದ ಟೊಮ್ ಯಮ್ ಸಾರು, ಹುಣಸೆ-ಬೆಲ್ಲದ ಪ್ಯಾಡ್ ಥಾಯ್, ತೆಂಗಿನ ಹಾಲಿನ ಹಸಿರು ಕರಿ, ಕಡಲೆಕಾಯಿ ಬೆರೆತ ಮಸಮನ್ ಕರಿ, ಜೊತೆಗೆ ಬಟ್ಟಲ ತುಂಬ ಬಿಳಿ ಅನ್ನ. ತಿನ್ನುವವರಿಗೆ ಇದು ಹೊಸ ರುಚಿ, ದೂರದ ದೇಶದ ರುಚಿ. ಆದರೆ ಆ ಮೇಜಿನ ಮೇಲಿನ ಒಂದೊಂದೇ ವಸ್ತುವಿನ ದಾರಿ ಹಿಡಿದು ಹಿಂದಕ್ಕೆ ಹೋದರೆ ಮಸ್ಕತ್, ಕನ್ನಡ ಕರಾವಳಿ ಮತ್ತು ಸಯಾಮ್, ಅಂದರೆ ಈಗಿನ ಥಾಯ್ಲೆಂಡ್, ಐದು ನೂರು ವರ್ಷಗಳಿಂದ ಒಂದೇ ಕಡಲದಾರಿಯ ನಿಲ್ದಾಣಗಳಾಗಿದ್ದವೆಂದು ತಿಳಿಯುತ್ತದೆ. ಆ ದಾರಿಯಲ್ಲಿ ಕರಾವಳಿಯ ಕನ್ನಡಿಗರ ಪಾತ್ರ ಸಣ್ಣದಲ್ಲ. ಮಸ್ಕತ್ತಿನ ಹೊಟ್ಟೆ ತುಂಬಿಸಿದ ಅಕ್ಕಿಯನ್ನು ಬೆಳೆದವರೇ ಅವರು.

ಮೊದಲು ಅಲ್ ಹೈಲ್ ಇರುವ ನೆಲದ ಮಾತು. ಸೀಬ್ ಹೆಸರು ಓಮನ್ ಚರಿತ್ರೆಯಲ್ಲಿ ಗಟ್ಟಿಯಾಗಿ ಉಳಿದದ್ದು 1920ರ ಸೆಪ್ಟೆಂಬರಿನಲ್ಲಿ. ಕರಾವಳಿಯನ್ನು ಆಳುತ್ತಿದ್ದ ಸುಲ್ತಾನ ತೈಮೂರನಿಗೂ ಒಳನಾಡಿನ ಇಮಾಮನ ಕಡೆಯವರಿಗೂ ಒಪ್ಪಂದವಾದದ್ದು ಇಲ್ಲೇ. ಅದರ ನಂತರ ಅರ್ಧ ಶತಮಾನ ಈ ತೀರ ಖರ್ಜೂರದ ತೋಟ, ಮೀನಿನ ಬಲೆ, ಬಾವಿ ನೀರಿನ ಬದುಕಿನಲ್ಲೇ ಉಳಿಯಿತು. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ದೇಶದಲ್ಲಿ ಇದ್ದ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರ್, ಶಾಲೆಗಳು ಮೂರು. ಹಳೆಯ ಮಸ್ಕತ್ ಪಟ್ಟಣದ ಬಾಗಿಲನ್ನು ರಾತ್ರಿ ಮುಚ್ಚುತ್ತಿದ್ದರು. ಆ ಮೇಲೆ ಓಡಾಡುವವರು ಕೈಯಲ್ಲಿ ಲಾಂದ್ರ ಹಿಡಿದಿರಬೇಕಿತ್ತು. ಆ ವರ್ಷದವರೆಗೂ ವ್ಯಾಪಾರದಲ್ಲಿ ಭಾರತದ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಅಚ್ಚು ಹಾಕಿಸಿದ ರೂಪಾಯಿ ಓಡುತ್ತಿತ್ತು. ಇಂಥ ಊರಿನಲ್ಲಿ ಮನೆಮಂದಿಯೊಂದಿಗೆ ಹೊರಗೆ ಹೋಗಿ ಉಣ್ಣುವ ರೂಢಿ ಇರಲು ಸಾಧ್ಯವೇ ಇರಲಿಲ್ಲ. ಅತಿಥಿ ಬಂದರೆ ಮನೆಯ ಮಜ್ಲಿಸಿನಲ್ಲಿ ಕಾಫಿ, ಖರ್ಜೂರ, ಹಲ್ವಾ, ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಅನ್ನ-ಮಾಂಸ. ಊಟವೆಂದರೆ ಅದೇ.

1973ರಲ್ಲಿ ಸೀಬ್‌ನ ವಿಮಾನ ನಿಲ್ದಾಣ ಶುರುವಾಯಿತು. ರಸ್ತೆ, ಆಸ್ಪತ್ರೆ, ಬಂದರು, ತೈಲದ ಕಂಪನಿ ಎಲ್ಲದಕ್ಕೂ ಹೊರಗಿನ ಕೈಗಳು ಬೇಕಾದವು. ಕೇರಳದವರು ಬಂದರು, ಗುಜರಾತಿನ ಭಾಟಿಯಾಗಳು ಮೊದಲೇ ಇದ್ದರು, ದಕ್ಷಿಣ ಕನ್ನಡದಿಂದ ನರ್ಸುಗಳು, ಲೆಕ್ಕಿಗರು, ಮೆಕ್ಯಾನಿಕ್ಕುಗಳು, ಅಡುಗೆಯವರು ಬಂದರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ದುಡಿಮೆಗಾರನಿಗೆ ದಿನಕ್ಕೆ ಎರಡು ಹೊತ್ತು ಅನ್ನ ಹಾಕುವವರು ಬೇಕಲ್ಲ. ಮಸ್ಕತ್ತಿನ ಹೋಟೆಲು ಉದ್ಯಮ ಬೆಳೆದದ್ದು ಆ ಹಸಿವಿನಿಂದ. ರೂವಿ, ಮತ್ರಾದ ಗಲ್ಲಿಗಳಲ್ಲಿ ಮೊದಲು ಬಂದದ್ದು ಪರೋಟ-ಚಹಾದ ಅಂಗಡಿ, ಬಳಿಕ ಮೀನೂಟದ ಮನೆ, ಉಡುಪಿ ರೀತಿಯ ಸಸ್ಯಾಹಾರಿ ಹೋಟೆಲು. ಊರು ಪಶ್ಚಿಮಕ್ಕೆ ಹರಡಿ ಅಲ್ ಖುವೈರ್, ಅಝೈಬಾ, ಅಲ್ ಹೈಲ್, ಮಬೇಲಾದ ತನಕ ಮನೆಗಳೆದ್ದಾಗ ಹೋಟೆಲುಗಳೂ ಜನರ ಹಿಂದೆ ಬಂದವು. ಕಡಲನ್ನು ತುಂಬಿ ಕಟ್ಟಿದ ‘ದ ವೇವ್’ ಎಂಬ ಬಡಾವಣೆ, ಈಗಿನ ಅಲ್ ಮೌಜ್, ಪಕ್ಕದಲ್ಲೇ ತಲೆಯೆತ್ತಿದ ಮೇಲೆ ಅಲ್ ಹೈಲ್‌ಗೆ ನಾನಾ ದೇಶದ ನಾಲಿಗೆಗಳು ಬಂದವು. ಥಾಯ್ ಅಡುಗೆಮನೆಗೆ ಇಲ್ಲಿ ನೆಲೆ ಸಿಕ್ಕಿದ್ದು ಈ ಕೊನೆಯ ಅಲೆಯಲ್ಲಿ.

ಇದು ಹತ್ತಿರದ ಕಥೆ. ಉದ್ದದ ಕಥೆ 1507ರಲ್ಲಿ ಶುರುವಾಗುತ್ತದೆ.

ಆ ವರ್ಷ ಪೋರ್ಚುಗೀಸ್ ದಂಡನಾಯಕ ಅಫೊನ್ಸೊ ಡಿ ಅಲ್ಬುಕರ್ಕ್ ಹೊರ್ಮುಜ್‌ಗೆ ಹೋಗುವ ದಾರಿಯಲ್ಲಿ ಓಮನ್ ತೀರದ ಊರುಗಳನ್ನು ಒಂದೊಂದಾಗಿ ಹೊಡೆದ. ಮಸ್ಕತ್ತನ್ನು ಲೂಟಿ ಮಾಡಿ ಸುಟ್ಟ. ಮೂರು ವರ್ಷದ ಮೇಲೆ, 1510ರಲ್ಲಿ, ಅದೇ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಬಿಜಾಪುರದವರ ಕೈಯಲ್ಲಿದ್ದ ಆ ಪಟ್ಟಣದ ಮೇಲೆ ನುಗ್ಗಲು ಅವನಿಗೆ ಸಲಹೆ ಕೊಟ್ಟು ಜೊತೆ ನಿಂತವನು ಹೊನ್ನಾವರದ ನೌಕಾನಾಯಕ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಮರುವರ್ಷ 1511ರ ಆಗಸ್ಟಿನಲ್ಲಿ ಮಲಕ್ಕಾ ಬಿತ್ತು. ಅಲ್ಲಿಂದಲೇ ಅಲ್ಬುಕರ್ಕ್ ತನ್ನ ದೂತ ದುವಾರ್ತೆ ಫೆರ್ನಾಂಡಿಸನನ್ನು ಚೀನೀ ಹಡಗೊಂದರಲ್ಲಿ ಸಯಾಮಿನ ರಾಜಧಾನಿ ಅಯುತ್ಥಯಾಗೆ ಕಳಿಸಿದ. ನಾಲ್ಕೇ ವರ್ಷದಲ್ಲಿ ಮಸ್ಕತ್, ಹೊನ್ನಾವರ, ಸಯಾಮ್ ಮೂರೂ ಒಬ್ಬನ ಲೆಕ್ಕದ ಪುಸ್ತಕಕ್ಕೆ ಸೇರಿದವು. ಬೆಂಕಿ ಮತ್ತು ಫಿರಂಗಿಯ ದಾರಿ ಅದು. ಅದನ್ನು ಹೊಗಳಲು ಏನೂ ಇಲ್ಲ. ಆದರೂ ಇಂದಿನ ಥಾಯ್ ಅಡುಗೆಯನ್ನೂ ಇಂದಿನ ಕರಾವಳಿಯ ಅಡುಗೆಯನ್ನೂ ಗುರುತೇ ಸಿಗದ ಹಾಗೆ ಬದಲಿಸಿದ ವಸ್ತು ಪೂರ್ವದೇಶಗಳಿಗೆ ಬಂದದ್ದು ಪೋರ್ಚುಗೀಸರ ಹಡಗುಗಳಲ್ಲಿ. ಅದು ಅಮೆರಿಕದ ಮೆಣಸಿನಕಾಯಿ.

ಅದಕ್ಕೆ ಮೊದಲು ಸಯಾಮಿನವರಿಗೂ ನಮ್ಮವರಿಗೂ ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಕರಾವಳಿಗೆ ಪೋರ್ಚುಗೀಸರು ಬಂದದ್ದೂ ಕಾಳುಮೆಣಸಿಗಾಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಅವರು ಮೆಣಸಿನ ರಾಣಿಯೆಂದೇ ಹೆಸರಿಟ್ಟಿದ್ದರು. ಹಿತ್ತಿಲಲ್ಲಿ ಬೀಜ ಚೆಲ್ಲಿದರೆ ಬರುವ, ಬಡವನಿಗೂ ದಕ್ಕುವ ಹೊಸ ಮೆಣಸಿನಕಾಯಿ ನಿಧಾನವಾಗಿ ಆ ರಾಣಿಯ ಕಾಳುಮೆಣಸನ್ನು ದಿನದ ಅಡುಗೆಯಿಂದ ಬದಿಗೆ ಸರಿಸಿತು. ನಮ್ಮಲ್ಲಿ ಅದು ಹಾವೇರಿ ಸೀಮೆಯ ಬ್ಯಾಡಗಿಯಾಗಿ, ಬಣ್ಣ ಹೆಚ್ಚು ಖಾರ ಕಡಿಮೆಯ ತಳಿಯಾಗಿ ನೆಲೆಯೂರಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಸಯಾಮಿನಲ್ಲಿ ಹೆಸರಾದದ್ದು ನಮ್ಮ ಸೂಜಿ ಮೆಣಸಿನ ಹಾಗೆ ಬೆರಳ ತುದಿಯಷ್ಟಿದ್ದು ಕಿವಿ ಬಿಸಿಮಾಡುವ ಕಾಯಿ. ಟೊಮ್ ಯಮ್ ಸಾರಿನ ಮೊದಲ ಗುಟುಕಿಗೆ ಕಣ್ಣಲ್ಲಿ ನೀರು ತರಿಸುವುದು ಅದೇ. 2024ರಲ್ಲಿ ಯುನೆಸ್ಕೊ ಸಿಗಡಿಯ ಟೊಮ್ ಯಮ್ ಅನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪರಂಪರೆಯ ಮುಖ್ಯ ಖಾರ ಕಡಲಾಚೆಯಿಂದ ಬಂದದ್ದು.

ಈಗ ಅನ್ನದ ಬಟ್ಟಲಿಗೆ ಬರೋಣ. ಕನ್ನಡ ಓದುಗರು ಹೆಚ್ಚು ತಿಳಿದಿರಬೇಕಾದ, ಆದರೆ ಶಾಲೆಯ ಪುಸ್ತಕದಲ್ಲಿ ಸಿಗದ ಭಾಗ ಇದು.

ಓಮನ್ ಕರಾವಳಿಯಲ್ಲಿ ಭತ್ತ ಬೆಳೆಯಲು ನೀರಿಲ್ಲ. ಆದರೆ ಓಮನಿಗಳ ಊಟದ ನಡುವೆ ಅನ್ನವಿದೆ. ಆ ಅನ್ನ ಕಡಲು ದಾಟಿಯೇ ಬರಬೇಕಿತ್ತು. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಅದರ ದೊಡ್ಡ ಪಾಲು ಹೊರಟದ್ದು ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರುಗಳಿಂದ. ಘಟ್ಟದ ಬುಡದ ಗದ್ದೆಗಳಲ್ಲಿ ವರ್ಷಕ್ಕೆ ಎರಡು ಬೆಳೆ, ಅನುಕೂಲವಿದ್ದಲ್ಲಿ ಮೂರು. ನದಿಯ ಅಳಿವೆಗೆ ದೋಣಿಯಲ್ಲಿ ಇಳಿದ ಅಕ್ಕಿಮುಡಿಗಳು ದೊಡ್ಡ ಹಡಗಿಗೆ ಏರುತ್ತಿದ್ದವು. ಗೋವೆಯ ಪೋರ್ಚುಗೀಸರಿಗೆ ಕೆನರಾದ, ಅಂದರೆ ಈ ಕರಾವಳಿಯ, ಅಕ್ಕಿಯಿಲ್ಲದೆ ಒಲೆ ಉರಿಯುತ್ತಿರಲಿಲ್ಲ. 1622ರಲ್ಲಿ ಹೊರ್ಮುಜ್ ಕೈತಪ್ಪಿದ ಮೇಲೆ ಅವರ ಗಲ್ಫ್ ನೆಲೆಯಾದ ಮಸ್ಕತ್ತಿಗೂ ಅದೇ ಅಕ್ಕಿ ಹೋಗುತ್ತಿತ್ತು. ಹಳೆಯ ಮಸ್ಕತ್ತಿನ ಬಂದರಿನ ಎರಡು ಬದಿಯಲ್ಲಿ ಈಗಲೂ ನಿಂತಿರುವ ಜಲಾಲಿ ಮತ್ತು ಮಿರಾನಿ ಕೋಟೆಗಳನ್ನು ಪೋರ್ಚುಗೀಸರು 1580ರ ದಶಕದಲ್ಲಿ ಕಟ್ಟಿಸಿದರು. ಆ ಕೋಟೆಗಳ ಪಹರೆಯವರು ಉಂಡದ್ದು ನಮ್ಮ ಗದ್ದೆಯ ಅನ್ನ.

ಇಟಲಿಯ ಪಯಣಿಗ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿ ನೋಡಿ, ಘಟ್ಟ ಇಳಿದು ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ಅವನು ಕಂಡದ್ದು ಅರಮನೆಯಲ್ಲಿ ಅಲ್ಲ. ಆಕೆ ಬಿಸಿಲಲ್ಲಿ ನಿಂತು ಕಾಲುವೆ ಅಗೆಯುವ ಕೆಲಸ ನೋಡಿಕೊಳ್ಳುತ್ತಿದ್ದಳು. ನೀರಿನ ಬಗ್ಗೆ ರಾಣಿಯೇ ಅಷ್ಟು ಕಾಳಜಿ ವಹಿಸುತ್ತಿದ್ದ ನಾಡಿನಲ್ಲಿ ಅಕ್ಕಿ ಹೊರದೇಶಕ್ಕೆ ಹೋಗುವಷ್ಟು ಬೆಳೆದದ್ದು ಆಶ್ಚರ್ಯವಲ್ಲ. ದೆಲ್ಲಾ ವಾಲ್ಲೆ ಊರಿಗೆ ಮರಳುವಾಗ, 1625ರಲ್ಲಿ, ಮಸ್ಕತ್ತಿನ ಮೇಲೆಯೇ ಹಾದುಹೋದ.

1650ರ ಜನವರಿಯಲ್ಲಿ ಓಮನ್‌ನ ಯಅರುಬಿ ವಂಶದ ಇಮಾಮ ಸುಲ್ತಾನ್ ಬಿನ್ ಸೈಫ್ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದ. ಮೂರ್ನಾಲ್ಕು ವರ್ಷದೊಳಗೆ ಈ ಕಡೆ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸ್ರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ಸಮುದ್ರದ ಎರಡು ದಡದಲ್ಲೂ ಒಂದೇ ಶತ್ರು ಸೋತ ಮೇಲೆ ಓಮನಿ ಹಡಗುಗಳು ಅಕ್ಕಿಗಾಗಿ ನೇರವಾಗಿ ಕೆನರಾಕ್ಕೆ ಬರತೊಡಗಿದವು. ಪೋರ್ಚುಗೀಸರು ಸುಮ್ಮನಿರಲಿಲ್ಲ. 1678ರಲ್ಲಿ, ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, ನಾಯಕರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಅರಬರ ಹಡಗುಗಳನ್ನು ಬಂದರಿಗೆ ಬಿಟ್ಟುಕೊಳ್ಳಬಾರದೆಂಬ ಷರತ್ತು ಹಾಕಿಸಿದರು. 1714ರ ಒಪ್ಪಂದದಲ್ಲೂ ಅದೇ ಷರತ್ತನ್ನು ಮತ್ತೆ ಬರೆಸಬೇಕಾಯಿತು. ಒಂದೇ ಷರತ್ತನ್ನು ಎರಡು ಸಲ ಬರೆಸಿದರೆಂದರೆ ಮೊದಲ ಸಲ ಅದು ನಡೆಯಲಿಲ್ಲವೆಂದೇ ಅರ್ಥ. ಕೊಳ್ಳುವವನೂ ಮಾರುವವನೂ ಒಪ್ಪಿದ್ದ ಅಕ್ಕಿಯ ವ್ಯಾಪಾರವನ್ನು ಮೂರನೆಯವನ ಕಾಗದ ತಡೆಯಲಾರದೆ ಹೋಯಿತು.

ನಡುವೆ ಒಂದು ಕಹಿ ವರ್ಷವೂ ಇದೆ. 1695ರಲ್ಲಿ ಮಸ್ಕತ್ತಿನ ಹಡಗುಪಡೆ ಬಂದು ಬಸ್ರೂರು ಮತ್ತು ಮಂಗಳೂರನ್ನು ಸೂರೆಮಾಡಿ ಸುಟ್ಟಿತು. ಅಕ್ಕಿಯ ವ್ಯಾಪಾರಕ್ಕೆ ಹಾಕಿದ ತಡೆಗೆ ತೀರಿಸಿಕೊಂಡ ಸೇಡು ಅದೆಂದು ಜಿಲ್ಲೆಯ ಹಳೆಯ ಚರಿತ್ರೆಗಳು ಹೇಳುತ್ತವೆ. ಅನ್ನಕ್ಕಾಗಿ ಊರು ಸುಡುವ ಮಟ್ಟಕ್ಕೆ ಹೋಗಿತ್ತೆಂದರೆ ಮಸ್ಕತ್ತಿಗೆ ಆ ಅಕ್ಕಿ ಎಷ್ಟು ಬೇಕಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ಹೈದರಾಲಿ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದು ಕರಾವಳಿಗಿಳಿದ ಮೇಲೆ ಈ ನಂಟು ದರ್ಬಾರಿನ ಮಟ್ಟಕ್ಕೇರಿತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿತ್ತು. ಅಲ್ಲಿ ಅವನ ಪರವಾಗಿ ಕೆಲಸ ನೋಡುತ್ತಿದ್ದ ದಲ್ಲಾಳಿ ಮಾವ್ಜಿ ಸೇಠ್ ಎಂಬ ಭಾಟಿಯಾ ವರ್ತಕ. ಮಂಗಳೂರಿನಿಂದ ಅಕ್ಕಿ, ಕಾಳುಮೆಣಸು, ಏಲಕ್ಕಿ, ಶ್ರೀಗಂಧ ಹೋಗುತ್ತಿದ್ದವು. ಆ ಕಡೆಯಿಂದ ಕುದುರೆ, ಖರ್ಜೂರ, ಗಂಧಕ ಬರುತ್ತಿದ್ದವು. 1786ರ ಮಾರ್ಚಿನಲ್ಲಿ ಟಿಪ್ಪು ತುರ್ಕಿಯ ಸುಲ್ತಾನನಿಗೆ ಕಳಿಸಿದ ರಾಯಭಾರ ಹೊರಟದ್ದು ಗೋಕರ್ಣದ ಬಳಿಯ ತದಡಿ ಬಂದರಿನಿಂದ. ನಾಲ್ಕು ಹಡಗು, ಜೊತೆಗೆ ದಾರಿಯಲ್ಲಿ ಮಾರಲು ನಾಡಿನ ಸಾಂಬಾರ ಪದಾರ್ಥಗಳು. ಅರಬ್ಬಿ ಸಮುದ್ರ ದಾಟಿ ಅವರು ತಂಗಿದ್ದು ಮಸ್ಕತ್ತಿನಲ್ಲಿ. ತಂಡದ ಕಾರ್ಯದರ್ಶಿಯಾಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಬರೆದ ಪರ್ಷಿಯನ್ ದಿನಚರಿ ಉಳಿದಿದೆ.

ಇಷ್ಟೆಲ್ಲ ಅಕ್ಕಿಯ ಕಥೆ ಥಾಯ್ ಹೋಟೆಲಿಗೆ ಯಾಕೆ ಬೇಕು? ಯಾಕೆಂದರೆ ಗಲ್ಫಿನ ಅನ್ನದ ತಟ್ಟೆಗೆ ಪೈಪೋಟಿ ನಡೆಸುವ ದೇಶಗಳಲ್ಲಿ ಇಂದು ಥಾಯ್ಲೆಂಡೂ ಒಂದು. ಅದು ತಾನಾಗಿ ಆದದ್ದಲ್ಲ. ಥಾಯ್ಲೆಂಡಿನ ಕೃಷಿ ಇಲಾಖೆ 1950ರ ದಶಕದಲ್ಲಿ ರೈತರ ಗದ್ದೆಗಳಿಂದ ಭತ್ತದ ಮಾದರಿಗಳನ್ನು ಕಲೆಹಾಕಿ, ಬೆಳೆಸಿ ನೋಡಿ, ಆರಿಸಿತು. ಆ ಹುಡುಕಾಟದಲ್ಲಿ ಸಿಕ್ಕಿದ ಸುವಾಸನೆಯ ತಳಿ ‘ಖಾವ್ ದೋಕ್ ಮಲಿ 105’ 1959ರಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. ಜಗತ್ತು ಅದನ್ನು ಜಾಸ್ಮಿನ್ ಅಕ್ಕಿಯೆಂದು ಕೊಳ್ಳುತ್ತದೆ. ಅಲ್ ಹೈಲ್‌ನ ಥಾಯ್ ಊಟದ ಬಟ್ಟಲಲ್ಲಿ ತುಸು ಅಂಟಿಕೊಂಡು, ಬಿಸಿಯಾಗಿ, ಹಿತವಾದ ಘಮದೊಂದಿಗೆ ಬರುವ ಅನ್ನ ಅದು. ನಮ್ಮ ಕರಾವಳಿಯ ಗಂಧಸಾಲೆ, ಕಯಮೆ, ಅತಿಕಾರೆಯಂಥ ತಳಿಗಳಿಗೆ ಅಂಥ ಭಾಗ್ಯ ಬರಲಿಲ್ಲ.

ಮೇಜಿನ ಮೇಲೆ ಇನ್ನೊಂದು ಬಟ್ಟಲಿದೆ: ಮಸಮನ್ ಕರಿ. ಥಾಯ್ ಅಡುಗೆಯಲ್ಲಿ ಗಲ್ಫಿನ ಕಡೆಗೆ ಮುಖ ಮಾಡಿದ ಪದಾರ್ಥ ಇದ್ದರೆ ಇದೇ. ಅಯುತ್ಥಯಾ ನಗರದಲ್ಲಿ ಪರ್ಷಿಯಾದ ವರ್ತಕರ ದೊಡ್ಡ ಕೇರಿಯಿತ್ತು. ಇರಾನಿನ ಕುಮ್ ಪಟ್ಟಣದಿಂದ ಬಂದ ಶೇಖ್ ಅಹ್ಮದ್ ಎಂಬ ವರ್ತಕ ಹದಿನೇಳನೆಯ ಶತಮಾನದ ಆರಂಭದಲ್ಲಿ ಸಯಾಮಿನ ದರ್ಬಾರಿನಲ್ಲಿ ಬಹಳ ಎತ್ತರದ ಹುದ್ದೆಗೇರಿದ. ಅವನ ವಂಶದ ಕವಲಾದ ಬುನ್ನಾಗ್ ಮನೆತನ ಇನ್ನೂರು ವರ್ಷಗಳಾಚೆಗೂ ಆ ದೇಶದ ಮಂತ್ರಿಗಿರಿ ನಡೆಸಿತು. ರಾಜ ನರಾಯಿಯ ಕಾಲದಲ್ಲಿ, 1685ರಲ್ಲಿ, ಇರಾನಿನ ಷಾ ಸುಲೇಮಾನ್ ಸಯಾಮಿಗೆ ರಾಯಭಾರಿಗಳನ್ನು ಕಳಿಸಿದ. ಬಂದರ್ ಅಬ್ಬಾಸಿನಿಂದ ಹೊರಟು ಓಮನ್ ಕೊಲ್ಲಿಯನ್ನು ದಾಟಿ ಹೋದ ಆ ಪಯಣದ ವೃತ್ತಾಂತವೇ ‘ಸಫೀನಾ-ಎ-ಸುಲೇಮಾನಿ’. ಸರಿಸುಮಾರು ಅದೇ ಹೊತ್ತಿಗೆ ಫ್ರಾನ್ಸಿನ ದೂತ ಸಿಮೊನ್ ದ ಲಾ ಲೂಬೇರ್ ಸಯಾಮಿನಲ್ಲಿದ್ದ. ಅಲ್ಲಿನವರ ಅನ್ನ, ಒಣಮೀನು, ಸಿಗಡಿ ಅರೆದು ಹುಳಿಸಿದ ಕಪಿ ಎಂಬ ಮುದ್ದೆಯ ಬಗ್ಗೆ ಅವನು 1691ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಉಳಿದ ಥಾಯ್ ಕರಿಗಳಿಗೆ ಬಹುಮಟ್ಟಿಗೆ ಮೆಣಸು, ಮಜ್ಜಿಗೆ ಹುಲ್ಲು, ಶುಂಠಿಯ ಬಳಗದ ಖಾ ಗೆಡ್ಡೆ, ಕಪಿ ಎಲ್ಲವನ್ನೂ ಕಲ್ಲಿನ ಒರಳಿನಲ್ಲಿ ಹಸಿಯಾಗಿಯೇ ಕುಟ್ಟುತ್ತಾರೆ. ಮಸಮನ್‌ನ ಕ್ರಮ ಬೇರೆ. ಕೊತ್ತಂಬರಿ, ಜೀರಿಗೆ, ಏಲಕ್ಕಿ, ಚಕ್ಕೆ, ಲವಂಗ, ಜಾಯಿಕಾಯಿಗಳನ್ನು ಮೊದಲು ಹುರಿಯಬೇಕು. ಒಣಮೆಣಸು, ಈರುಳ್ಳಿ, ಬೆಳ್ಳುಳ್ಳಿಯನ್ನೂ ಹುರಿದೇ ಅರೆಯಬೇಕು. ಆಮೇಲೆ ತೆಂಗಿನ ಹಾಲಿನ ಕೆನೆಯಲ್ಲಿ ಮಸಾಲೆಯನ್ನು ಎಣ್ಣೆ ಬಿಡುವ ತನಕ ಬಾಡಿಸಿ, ಮಾಂಸ ಹಾಕಿ, ಹುಣಸೆಹುಳಿ, ತಾಳೆಬೆಲ್ಲದಿಂದ ರುಚಿ ಕೂಡಿಸಬೇಕು. ಕೋಳಿ ಗಸಿ ಮಾಡಿ ಗೊತ್ತಿದ್ದ ಬಂಟವಾಳದ ಗೃಹಿಣಿಗೆ ಈ ಕ್ರಮವನ್ನು ಯಾರೂ ಕಲಿಸಬೇಕಾಗಿಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ ಹುರಿದು, ತೆಂಗಿನಕಾಯಿಯೊಂದಿಗೆ ಅರೆದು, ಕೊನೆಗೆ ತೆಂಗಿನ ಹಾಲು ಬೆರೆಸುವ ಕೈ ಅದೇ. ಅಲ್ ಹೈಲ್‌ನ ಮೇಜಿನಲ್ಲಿ ಓಮನಿಗೂ ಮಂಗಳೂರಿನವರಿಗೂ ಒಟ್ಟಿಗೆ ಒಗ್ಗುವ ಥಾಯ್ ಪದಾರ್ಥ ಮಸಮನ್ ಆಗಿರುವುದಕ್ಕೆ ಕಾರಣ ಇಲ್ಲಿದೆ. ಅದರಲ್ಲಿ ಪರ್ಷಿಯಾದ ವರ್ತಕರ ಬುತ್ತಿಯೂ ಇದೆ, ತೆಂಗಿನ ತೀರದ ಒಲೆಯೂ ಇದೆ. ಸಯಾಮಿನ ರಾಜ ಎರಡನೆಯ ರಾಮ ರಚಿಸಿದ, ಊಟ-ತಿಂಡಿಗಳನ್ನು ಹಾಡಿ ಹೊಗಳುವ ಕಾವ್ಯದಲ್ಲೂ ಮಸಮನ್‌ಗೆ ಜಾಗವಿದೆ.

ಪ್ಯಾಡ್ ಥಾಯ್‌ಗೆ ಇಷ್ಟು ವಯಸ್ಸಿಲ್ಲ. ಅಕ್ಕಿಯ ಶಾವಿಗೆಯನ್ನು ಬಾಣಲೆಯಲ್ಲಿ ಹೊರಳಿಸುವ ಕ್ರಮ ಚೀನೀ ವಲಸೆಗಾರರದು. ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ 1939ರಲ್ಲಿ ಸಯಾಮಿನ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿ, ಉಡುಪಿನಿಂದ ಊಟದವರೆಗೆ ರಾಷ್ಟ್ರೀಯತೆಯ ಮುದ್ರೆಯೊತ್ತಿದ ಕಾಲದಲ್ಲಿ ಶಾವಿಗೆಯ ಗಾಡಿಗಳಿಗೆ ಸರ್ಕಾರವೇ ಉತ್ತೇಜನ ಕೊಟ್ಟಿತು. ಹುಣಸೆ, ಬೆಲ್ಲ, ಮೀನಿನ ಉಪ್ಪುರಸ ಸೇರಿ ಅದು ದೇಶದ ತಿಂಡಿಯಾಯಿತು.

ಅರವತ್ತು ವರ್ಷದ ಮೇಲೆ ಅದೇ ದೇಶದ ಇನ್ನೊಂದು ಸರ್ಕಾರ ಇನ್ನೂ ದೊಡ್ಡ ಹೆಜ್ಜೆಯಿಟ್ಟಿತು. 2002ರ ಹೊತ್ತಿಗೆ ಹೊರದೇಶಗಳಲ್ಲಿ ಸುಮಾರು 5,500 ಥಾಯ್ ಹೋಟೆಲುಗಳಿದ್ದವು. ಬ್ಯಾಂಕಾಕ್ ಅದನ್ನು ಬೇಗನೆ 8,000ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಹೋಟೆಲು ತೆರೆಯುವವರಿಗೆ ಸಾಲ, ಅಡುಗೆಯವರಿಗೆ ತರಬೇತಿ, ಹೊರದೇಶಕ್ಕೆ ಹೋಗುವ ಮಸಾಲೆಗಳಿಗೆ ಸರಬರಾಜಿನ ವ್ಯವಸ್ಥೆ, ಮೂರು ದರ್ಜೆಯ ಮಾದರಿ ಹೋಟೆಲಿನ ನಕ್ಷೆ, ಎಲ್ಲ ಸಿದ್ಧವಾಯಿತು. ಕಡಿಮೆ ಬೆಲೆಯ ಮಾದರಿಗೆ ‘ಎಲಿಫೆಂಟ್ ಜಂಪ್’, ನಡುವಿನದಕ್ಕೆ ‘ಕೂಲ್ ಬೇಸಿಲ್’, ದುಬಾರಿಯದಕ್ಕೆ ‘ಗೋಲ್ಡನ್ ಲೀಫ್’ ಎಂದು ಹೆಸರು. ರುಚಿ ಸರಿಯಿದ್ದ ಹೋಟೆಲಿಗೆ ‘ಥಾಯ್ ಸೆಲೆಕ್ಟ್’ ಎಂಬ ಸರ್ಕಾರಿ ಮುದ್ರೆ. ಅಡುಗೆ ಉಂಡವನು ಅಕ್ಕಿ ಕೊಳ್ಳುತ್ತಾನೆ, ಅಕ್ಕಿ ಕೊಂಡವನು ಪ್ರವಾಸಕ್ಕೆ ಬರುತ್ತಾನೆ ಎಂಬ ಲೆಕ್ಕ ಅದರ ಹಿಂದಿತ್ತು. ಲೆಕ್ಕ ಫಲಿಸಿತು. ಅಲ್ ಹೈಲ್‌ನಂಥ ಬಡಾವಣೆಯಲ್ಲೂ ಟೊಮ್ ಯಮ್ ಎಂದರೆ ವಿವರಿಸಬೇಕಾಗಿಲ್ಲ ಎಂಬುದೇ ಅದಕ್ಕೆ ಸಾಕ್ಷಿ.

ಇದರ ಎದುರಿಗೆ ಉಡುಪಿ ಹೋಟೆಲಿನ ಚರಿತ್ರೆಯನ್ನು ಇಟ್ಟು ನೋಡಬೇಕು. 1923ರ ದೊಡ್ಡ ನೆರೆ ದಕ್ಷಿಣ ಕನ್ನಡದ ಎಷ್ಟೋ ಕುಟುಂಬಗಳನ್ನು ಊರು ಬಿಡಿಸಿತು. ಹುಡುಗರು ಮದ್ರಾಸು, ಬೆಂಗಳೂರು, ಮುಂಬಯಿಗೆ ಹೋಗಿ ಲೋಟ ತೊಳೆದರು, ರುಬ್ಬಿದರು, ಕ್ರಮೇಣ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಬೇರು 1924ರದು. ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು 1938ರಲ್ಲಿ, ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದ್ದು 1942ರಲ್ಲಿ. ಮಸಾಲೆ ದೋಸೆ ಸಿಂಗಪುರ, ಲಂಡನ್, ನ್ಯೂಯಾರ್ಕ್, ಮಸ್ಕತ್ ಮುಟ್ಟಿದ್ದು ಇಂಥವರ ಮೈಬೆವರಿನಿಂದ. ಯಾವ ಮಂತ್ರಾಲಯವೂ ಅವರಿಗೆ ಸಾಲ ಕೊಡಲಿಲ್ಲ, ನಕ್ಷೆ ಬರೆದುಕೊಡಲಿಲ್ಲ, ಮುದ್ರೆಯೊತ್ತಲಿಲ್ಲ. ಊರಿನ ಸಂಬಂಧ, ಜಾತಿಯ ಬಳಗ, ಅಣ್ಣ ತಮ್ಮನನ್ನು ಕರೆಸಿಕೊಳ್ಳುವ ಪದ್ಧತಿ, ಇಷ್ಟೇ ಬಂಡವಾಳ. ಆ ಸಾಧನೆ ಥಾಯ್ಲೆಂಡಿನದಕ್ಕಿಂತ ದೊಡ್ಡದು. ಆದರೆ ದಾಖಲೆಯ ವಿಷಯದಲ್ಲಿ ಥಾಯ್ಲೆಂಡ್ ನಮಗಿಂತ ಬಹಳ ಮುಂದಿದೆ.

ಓಮನಿಗಳಿಗೆ ಥಾಯ್ ರುಚಿ ಹತ್ತಿದ್ದಕ್ಕೆ ಇನ್ನೊಂದು ದಾರಿಯೂ ಇದೆ. ಅದು ಆಸ್ಪತ್ರೆಯ ದಾರಿ. ಈ ಶತಮಾನದ ಆರಂಭದಿಂದ ಗಲ್ಫಿನ ರೋಗಿಗಳು ಚಿಕಿತ್ಸೆಗೆ ಬ್ಯಾಂಕಾಕ್‌ನ ಬುಮ್ರುಂಗ್ರಾದ್‌ನಂಥ ಆಸ್ಪತ್ರೆಗಳಿಗೆ ಹೋಗತೊಡಗಿದರು. ರೋಗಿಯ ಜೊತೆ ಹೋದ ಮನೆಯವರು ಅಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಅರಬ್ಬಿ ಫಲಕಗಳೂ ಹಲಾಲ್ ಹೋಟೆಲುಗಳೂ ತುಂಬಿವೆ. ಅಲ್ಲಿ ಹಿಡಿಸಿದ ರುಚಿಯನ್ನು ಊರಿಗೆ ಬಂದ ಮೇಲೂ ಹುಡುಕುವುದು ಸಹಜ. ಓಮನ್ ಮತ್ತು ಥಾಯ್ಲೆಂಡಿನ ನಡುವೆ 1980ರಿಂದ ರಾಜತಾಂತ್ರಿಕ ಸಂಬಂಧವಿದೆ, ಮಸ್ಕತ್-ಬ್ಯಾಂಕಾಕ್ ನೇರ ವಿಮಾನವಿದೆ.

ಮಸ್ಕತ್ತಿಗೆ ಬಂದ ಥಾಯ್ ಅಡುಗೆ ಇಲ್ಲಿನ ಮರ್ಯಾದೆಗೆ ತಕ್ಕಂತೆ ಬದಲಾಗಿದೆ. ಬ್ಯಾಂಕಾಕ್‌ನ ಬೀದಿಯಲ್ಲಿ ತುಳಸಿಯೊಂದಿಗೆ ಹಂದಿಮಾಂಸ ಹುರಿದರೆ ಇಲ್ಲಿ ಕೋಳಿ ಅಥವಾ ಸಿಗಡಿ. ಬಡಾವಣೆಯ ಹೋಟೆಲಿನಲ್ಲಿ ಮದ್ಯವಿಲ್ಲ, ರಂಜಾನಿನಲ್ಲಿ ಸಂಜೆಯ ಬಾಂಗಿಗೆ ಮೊದಲು ಒಳಗೆ ಕುಳಿತು ಉಣ್ಣುವಂತಿಲ್ಲ. ಮೀನಿಗೆ ಕೊರತೆಯಿಲ್ಲ, ಸೀಬ್‌ನ ಮೀನು ಮಾರುಕಟ್ಟೆ ಹತ್ತಿರದಲ್ಲೇ ಇದೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ ಅಂಜಲ್ ಹಿಡಿಯುವುದಕ್ಕೆ ಸರ್ಕಾರದ ನಿಷೇಧ. ನಮ್ಮ ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು. ತರಕಾರಿಯ ಹಸಿರು ಕರಿ ಎಂದು ಬರೆದಿದ್ದರೂ ಅದರ ಮಸಾಲೆಯಲ್ಲಿ ಸಿಗಡಿಯ ಕಪಿ, ಒಗ್ಗರಣೆಯಲ್ಲಿ ಮೀನಿನ ಉಪ್ಪುರಸ ಇರಬಹುದು. ಬರಿಯ ತರಕಾರಿ ಎಂದರೆ ಸಾಲದು. ಮೀನಿನ ರಸವಾಗಲಿ ಸಿಗಡಿಯಾಗಲಿ ಬೇಡವೆಂದು ಬಿಡಿಸಿ ಹೇಳಬೇಕು. ಥಾಯ್ಲೆಂಡಿನಲ್ಲೇ ‘ಜೇ’ ಎಂಬ ಕಟ್ಟುನಿಟ್ಟಿನ ಸಸ್ಯಾಹಾರದ ಸಂಪ್ರದಾಯವಿದೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲ. ಅಡುಗೆಯವನು ಥಾಯ್ ಆಗಿದ್ದರೆ ಆ ಒಂದು ಮಾತು ಹೇಳಿದರೆ ಸಾಕು, ಅವನಿಗೆ ಅರ್ಥವಾಗುತ್ತದೆ.

ಓಮನ್‌ನಲ್ಲಿ ಇಂದು 6 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. 1970ರ ದಶಕದಲ್ಲಿ ಬಂದು ರೂವಿಯ ಅಡುಗೆಮನೆಗಳಲ್ಲಿ ದುಡಿದ ಕರಾವಳಿಯ ಅಡುಗೆಯವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಅನೇಕರು ಊರಿಗೆ ಮರಳಿ ಕುಂದಾಪುರ, ಕಾರ್ಕಳ, ಬೆಳ್ತಂಗಡಿಯ ಮನೆಗಳಲ್ಲಿದ್ದಾರೆ. ಯಾವ ಹೋಟೆಲು ಯಾವ ವರ್ಷ ತೆರೆಯಿತು, ಕುಚ್ಚಲಕ್ಕಿ ಯಾವ ಹಡಗಿನಲ್ಲಿ ಬರುತ್ತಿತ್ತು, ತಿಂಗಳೂಟದ ಲೆಕ್ಕ ಹೇಗೆ ಬರೆಯುತ್ತಿದ್ದರು, ಲೈಸೆನ್ಸು ಯಾರ ಹೆಸರಿನಲ್ಲಿತ್ತು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಮಸ್ಕತ್ತಿನ ಕನ್ನಡ ಸಂಘಟನೆಗಳೂ ಮಂಗಳೂರು ವಿಶ್ವವಿದ್ಯಾಲಯವೂ ಕೈಜೋಡಿಸಿ ಆ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು, ಹಳೆಯ ಬಿಲ್ಲು, ಫೋಟೊ, ಬೋರ್ಡುಗಳನ್ನು ಸಂಗ್ರಹಿಸಬೇಕು. ಓಮನ್‌ನ ರಾಷ್ಟ್ರೀಯ ದಾಖಲೆ ಪ್ರಾಧಿಕಾರದಲ್ಲಿ ಕೆನರಾ ಅಕ್ಕಿಯ ಕಾಗದಪತ್ರಗಳೇನಾದರೂ ಇದ್ದರೆ ಹುಡುಕಿಸಬೇಕು. ಮನೆಯಲ್ಲಿ ಮಸ್ಕತ್ತಿನಿಂದ ಬಂದ ಅಜ್ಜನಿದ್ದರೆ ಓದುಗರು ಈ ಕೆಲಸವನ್ನು ಅವರಿಂದಲೇ ಶುರುಮಾಡಬಹುದು.